ಅಧ್ಯಕ್ಷಗಿರಿಗೆ ತಕ್ಕ ಮನುಷ್ಯ

ನಾನು ಪಕ್ಷ ಸೇರಿದ್ದು ಸಿದ್ಧಾಂತ ಓದಿಕೊಂಡಲ್ಲ. ಅಪ್ಪ ತೀರಿಕೊಂಡಾಗ ಒಬ್ಬ ಮನುಷ್ಯ ಬಂದು ನಿಂತಿದ್ದಕ್ಕೆ ಸೇರಿದೆ. ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಗಿರಣಿಯಲ್ಲಿ ದುಡಿದವರು. ಅವರು ಹೋದದ್ದು ಜಡಿಮಳೆಯ ದಿನಗಳಲ್ಲಿ. ಊರೆಲ್ಲ ಸುತ್ತಿದರೂ ಒಣ ಕಟ್ಟಿಗೆ ಸಿಗಲಿಲ್ಲ. ಯಾರು ಹೇಳಿದರೋ, ಹಳಿಯಾಳದಿಂದ ಆತ ಟೆಂಪೋ ತುಂಬ ಕಟ್ಟಿಗೆ ತಾಡಪತ್ರಿ ಹೊದಿಸಿ ತಂದ, ತಾನೇ ಇಳಿಸಿದ, ಚಿತೆ ಹತ್ತಿಕೊಳ್ಳುವ ತನಕ ಕೊಡೆಯಿಲ್ಲದೆ ನಿಂತ. ನಮ್ಮವ್ವ ಸಾಯುವವರೆಗೂ ಅವನ ಪಕ್ಷಕ್ಕೇ ಮತ ಹಾಕಿದಳು.

ಅವನಲ್ಲಿದ್ದ ಗುಣಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹಳಿಯಾಳದ ಪೇಟೆಯಲ್ಲಿ ಮರಾಠಿ, ಜೋಯಿಡಾದ ಹಳ್ಳಿಗಳಲ್ಲಿ ಕೊಂಕಣಿ, ಮಸೀದಿ ಓಣಿಯಲ್ಲಿ ಉರ್ದು, ಮುಂಡಗೋಡದ ರೈತರ ಹತ್ತಿರ ಅವರದೇ ಕನ್ನಡ. ಒಮ್ಮೆ ಕಂಡ ಮುದುಕಿಯ ಮೊಣಕಾಲು ನೋವು ಮರುವರ್ಷವೂ ಅವನಿಗೆ ನೆನಪಿರುತ್ತಿತ್ತು. ಬಡವರ ಮನೆಯಲ್ಲಿ ಚಾಪೆ ಹಾಸುವ ಮೊದಲೇ ನೆಲದ ಮೇಲೆ ಕೂತಿರುತ್ತಿದ್ದ. ನಟನೆ ಅನ್ನುವವರಿದ್ದರು. ನಟನೆಯೇ ಇರಲಿ, ಬೇಸರವಿಲ್ಲದೆ ದಿನವೂ ಮಾಡುತ್ತಿದ್ದನಲ್ಲ, ಅದನ್ನು ನಾನು ಮೆಚ್ಚಿದ್ದೆ. ದಾಂಡೇಲಿಯಲ್ಲಿ ಹೊಲಿಗೆ ಕಲಿಸಿಕೊಂಡಿದ್ದ ನನ್ನನ್ನು ಅವನೇ ಮಹಿಳಾ ಘಟಕಕ್ಕೆ ಕರೆದು, ಜೋಯಿಡಾ ತಾಲೂಕಿನ ಹಳ್ಳಿಗಳ ಜವಾಬ್ದಾರಿ ಕೊಟ್ಟ.

ಒಂದು ಬೇಸಿಗೆಯಲ್ಲಿ ಪಕ್ಷದ ರಾಜ್ಯದ ಹಿರಿಯರು ಹಳಿಯಾಳಕ್ಕೆ ಬರುವವರಿದ್ದರು. ಜಿಲ್ಲಾ ಅಧ್ಯಕ್ಷರು ಬದಲಾಗುತ್ತಾರೆಂಬ ಸುದ್ದಿ ಎದ್ದಿದ್ದ ಹೊತ್ತು. ಆತ ನಮ್ಮನ್ನೆಲ್ಲ ಕೂರಿಸಿ ಹೇಳಿದ: "ಹಾಲ್ ತುಂಬಬೇಕು. ಜೋಯಿಡಾದ ಕಾಡಿನ ಹೆಣ್ಮಕ್ಕಳು ಮುಂದಿನ ಸಾಲಿನ್ಯಾಗ ಇರಲಿ. ಅವರ ಸೀರಿ ಉಡೂ ರೀತಿ ಕ್ಯಾಮೆರಾದಾಗ ಛಲೋ ಕಾಣತೈತಿ."

ನಾನು ಅಣಶಿಯ ಆಚೆಗಿನ ಒಂದು ಹಳ್ಳಿಗೆ ಹೋದೆ. ಅಲ್ಲೊಬ್ಬ ಅಜ್ಜಿಯಿದ್ದಳು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಆ ಊರಿಗೆ ದಾರಿಯೇ ಇಲ್ಲ. ಅವಳ ಸೊಸೆಗೆ ಹೆರಿಗೆ ನೋವು ಬಂದಾಗ ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ಹೋಗಿದ್ದರು. ನೀರು ಇಳಿಯಲಿಲ್ಲ. ಕೂಸು ದಡದ ಮೇಲೆಯೇ ಹುಟ್ಟಿತು, ಅಳಲಿಲ್ಲ. ಅಜ್ಜಿ ಇದನ್ನು ಅಕ್ಕಿ ಕೇರುತ್ತಲೇ ಹೇಳಿದಳು. ಮಗನಿಗೆ ಸಭೆ, ಭಾಷಣ ಬೇಡವಾಗಿತ್ತು. ಹೊಳೆಯ ದಡದ ರೆಸಾರ್ಟಿನಲ್ಲಿ ಕೆಲಸಕ್ಕಿದ್ದ, ರಜೆ ಕೊಡುವುದಿಲ್ಲವೆಂದ. ಅಜ್ಜಿ ಮಾತ್ರ ಹೊರಟೇ ನಿಂತಳು.

"ಸಾಂಕವ ಕೇಳಾಕ ಬರ್ತೇನಿ ಬಾಯಿ," ಎಂದಳು. ಸಾಂಕವ ಎಂದರೆ ಅವರ ಮಾತಿನಲ್ಲಿ ಸೇತುವೆ, ಬಾಯಿ ಎಂದರೆ ಅಕ್ಕ. "ಅಷ್ಟ್ ದೊಡ್ಡವರು ಬಂದಾಗ ಕೇಳಲಿಲ್ಲಂದ್ರ ಮತ್ಯಾವಾಗ ಕೇಳೂದು?"

ಅತ್ತೆಯ ಜೊತೆ ಸೊಸೆಯೂ ಬಂದಳು. ಘಟ್ಟದ ತಿರುವುಗಳಲ್ಲಿ ಅಜ್ಜಿ ವಾಂತಿ ಮಾಡಿಕೊಂಡಳು. ದಾಂಡೇಲಿಯಲ್ಲಿ ಇಳಿಸಿ ನಮ್ಮ ಮನೆಯಲ್ಲಿ ಮಲಗಿಸುತ್ತೇನೆಂದೆ, ಒಪ್ಪಲಿಲ್ಲ.

ಸಭೆ ಇದ್ದದ್ದು ತಗಡಿನ ಸೂರಿನ ಕಲ್ಯಾಣ ಮಂಟಪದಲ್ಲಿ. ಹಿರಿಯರು ಬರುವುದು ತಡವಾಯಿತು. ಜನ ಎದ್ದು ಹೋಗಬಾರದೆಂದು ಬಾಗಿಲಲ್ಲಿ ಹುಡುಗರನ್ನು ನಿಲ್ಲಿಸಿದ್ದರು. ನೀರು ಹಿಂದಿನ ಸಾಲುಗಳಲ್ಲೇ ಮುಗಿದುಹೋಗಿತ್ತು. ಹಿರಿಯರು ಬಂದು, ಹಾರ ತುರಾಯಿ ಮುಗಿದು, ಭಾಷಣ ಶುರುವಾದ ಸ್ವಲ್ಪ ಹೊತ್ತಿಗೆ ಅಜ್ಜಿ ಸೊಸೆಯ ಮೇಲೆ ವಾಲಿದಳು. ನಾನು ಪಕ್ಕದ ಗೋಡೆಗೆ ನಿಂತಿದ್ದೆ. ಹತ್ತಿರ ಹೋಗಿ ಮುಟ್ಟಿದರೆ ಮೈ ಬೆವರಿ ತಣ್ಣಗಿತ್ತು. ಕಣ್ಣು ಅರೆ ತೆರೆದಿದ್ದವು.

ವೇದಿಕೆಯ ಮೆಟ್ಟಿಲ ಹತ್ತಿರ ಹೋಗಿ ಆತನಿಗೆ ಸನ್ನೆ ಮಾಡಿದೆ. ಮುಖದ ನಗು ಕದಲದಂತೆ ಇಳಿದು ಬಂದ. ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ದೂರದಿಂದ ನೋಡಿದವರಿಗೆ ಹಿರಿಯಳೊಬ್ಬಳ ಯೋಗಕ್ಷೇಮ ಕೇಳುತ್ತಿದ್ದಾನೆ ಎಂದೇ ಕಂಡಿರಬೇಕು. ಕುತ್ತಿಗೆಯ ಮೇಲೆ ಬೆರಳಿಟ್ಟು ನೋಡಿದ.

"ಆಸ್ಪತ್ರಿಗೆ ಒಯ್ಯೂಣು. ನಿಮ್ಮ ಗಾಡಿ ಕೊಡ್ರಿ," ಎಂದೆ.

"ಆಸ್ಪತ್ರ್ಯಾಗ ಏನ್ ಮಾಡ್ತಾರ್ರೀ. ಮುಗದೈತಿ," ಎಂದ, ನನ್ನ ಕಿವಿಗಷ್ಟೇ ಕೇಳುವಂತೆ. "ಈಗ ಎತ್ತಿದ್ರ ಸಭಾ ಕೆಡ್ತೈತಿ. ಹಂಗ ಕೂಡ್ರಲಿ."

ಅಜ್ಜಿಯ ಸೆರಗನ್ನು ತಲೆಯ ಮೇಲೆಳೆದು ಕಣ್ಣು ಮುಚ್ಚುವಷ್ಟು ಇಳಿಬಿಟ್ಟ. ಇನ್ನೊಂದು ಬದಿಯ ಹೆಂಗಸಿಗೆ ಒತ್ತಿ ಕೂರಲು ಹೇಳಿದ. ಸೊಸೆಗೆ ಕೊಂಕಣಿಯಲ್ಲಿ, ಮಗಳಿಗೆ ಹೇಳುವ ದನಿಯಲ್ಲಿ, "ಸೆಕೆಗೆ ಚಕ್ಕರ್ ಬಂದಿದೆ, ನಿದ್ದೆ ಹತ್ತಿದೆ, ಎಬ್ಬಿಸಬೇಡ, ಗಾಳಿ ಹಾಕುತ್ತಿರು" ಎಂದ. ಅವಳ ಕೈಗೆ ಬೀಸಣಿಕೆ ಕೊಟ್ಟ. ಅದರ ಮೇಲೆ ಅವನದೇ ಫೋಟೋ ಇತ್ತು.

ನಾನು ಬಾಗಿಲಿಗೆ ಓಡಿದೆ. ಹುಡುಗರು ಬಿಡಲಿಲ್ಲ. ಸಾಹೇಬರ ಗಾಡಿಗಳು ಹೊರಡುವ ತನಕ ಒಂದು ಸೈಕಲ್ ಕೂಡ ಅಲ್ಲಾಡುವಂತಿಲ್ಲ ಎಂದರು. ತಿರುಗಿ ಬಂದರೆ ಸೊಸೆ ಗಾಳಿ ಹಾಕುತ್ತಿದ್ದಳು. ಭಾಷಣ ಮಾಡುತ್ತಿದ್ದ ಹಿರಿಯರು ಜೋಯಿಡಾದ ಹೆಸರೆತ್ತಿ, ಕಾಡಿನ ಯಾವ ಹಳ್ಳಿಯೂ ಇನ್ನು ಸೇತುವೆಯಿಲ್ಲದೆ ಇರುವುದಿಲ್ಲ ಎಂದರು. ಮಂಟಪ ಚಪ್ಪಾಳೆಯಿಂದ ತುಂಬಿತು. ವೇದಿಕೆಯ ಮೇಲೆ ಆತ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಸೊಸೆ ತಟ್ಟಲಿಲ್ಲ. ಅವಳ ಒಂದು ಕೈಯಲ್ಲಿ ಬೀಸಣಿಕೆ, ಇನ್ನೊಂದರಲ್ಲಿ ಅತ್ತೆಯ ಕೈ.

ಹಿರಿಯರ ಗಾಡಿಗಳು ಹೊರಟ ಮೇಲೆ ಆತ ಓಡಿ ಬಂದ. ನಿಜವಾಗಿ ಓಡಿದ. ಅಜ್ಜಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಕ್ಯಾಮೆರಾದವರು ಇನ್ನೂ ಅಲ್ಲೇ ಇದ್ದರು. ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ಹಾಕಿಕೊಂಡ. ಸೊಸೆಯನ್ನೂ ನನ್ನನ್ನೂ ಹಿಂದಿನ ಟೆಂಪೋದಲ್ಲಿ ಬರಲು ಹೇಳಿದರು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆತ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ.

"ದಾರ್ಯಾಗ ಹೋಗಿಬಿಟ್ಳು," ಎಂದ ಸೊಸೆಗೆ. "ನನ್ನ ತೊಡಿ ಮ್ಯಾಲೆ. ಸಾಂಕವ ಅಂದ್ಳು, ಅಷ್ಟ."

ಸೊಸೆ ಅವನ ಕಾಲಿಗೆ ತಲೆಯಿಟ್ಟಳು. ಮಾರನೆಯ ದಿನ ಆ ಹಳ್ಳಿಯಲ್ಲಿ ಆತ ಚಟ್ಟಕ್ಕೆ ಹೆಗಲು ಕೊಟ್ಟ. ಮಗ ಅವನನ್ನು ತಬ್ಬಿಕೊಂಡು ಅತ್ತ. ಇದಾದ ಮೇಲೆ ಅವನ ಭಾಷಣಗಳಲ್ಲಿ ಆ ಅಜ್ಜಿ ಬರತೊಡಗಿದಳು. ಮೊದಮೊದಲು ಒಂದು ಸಾಲು ಇದ್ದದ್ದು ಬರಬರುತ್ತ ಬೆಳೆಯಿತು. ಮುಂಡಗೋಡದ ಭಾಷಣದ ಹೊತ್ತಿಗೆ ಅಜ್ಜಿ ಅವನ ಕೆನ್ನೆ ಸವರಿ ಹರಸಿ ಪ್ರಾಣ ಬಿಟ್ಟಿದ್ದಳು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಕೆಲವು ತಿಂಗಳಲ್ಲಿ ಜಿಲ್ಲಾ ಅಧ್ಯಕ್ಷರ ಆಯ್ಕೆಗೆ ಬೆಂಗಳೂರಿನಿಂದ ವೀಕ್ಷಕರೊಬ್ಬರು ಬಂದರು. ಅಂಬಿಕಾನಗರದ ಅತಿಥಿಗೃಹದಲ್ಲಿ ಉಳಿದು, ಕಾರ್ಯಕರ್ತರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಅಭಿಪ್ರಾಯ ಕೇಳುತ್ತಿದ್ದರು. ಕಣದಲ್ಲಿ ಇದ್ದವರು ಇಬ್ಬರೇ. ಒಬ್ಬ ಈತ. ಇನ್ನೊಬ್ಬರು ಮುಂಡಗೋಡದ ವಕೀಲರು, ಮೆದು ಮಾತಿನವರು, ಯಾರ ಬಾಯಲ್ಲೂ ಕೆಟ್ಟವರಾಗದವರು. ಹೊರಗಿನ ಬೆಂಚಿನಲ್ಲಿ ಕೂತಿದ್ದವರೆಲ್ಲ ಈತನ ಪರವೇ ಮಾತಾಡಿಕೊಳ್ಳುತ್ತಿದ್ದರು. ನಾನು ಮಾತ್ರ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡಬೇಕೆಂದೇ ಹೋಗಿದ್ದೆ.

ಹೇಳಿದೆ. ಸೆರಗು ಎಳೆದದ್ದು, ಬೀಸಣಿಕೆ ಕೊಟ್ಟದ್ದು, ಬಾಗಿಲು ತೆಗೆಯದೆ ಇದ್ದದ್ದು, ಎಲ್ಲ. "ಮುಗದೈತಿ ಅಂತ ಅವರ ಅಂದ್ರು. ಅವರೇನ್ ಡಾಕ್ಟರಲ್ಲ, ನಾನೂ ಅಲ್ಲ. ಆಗ ಜೀವ ಇತ್ತೋ ಇಲ್ಲೋ ಇವತ್ತಿಗೂ ನನಗ ಗೊತ್ತಿಲ್ರಿ. ಇಂಥವರ ಕೈಯಾಗ ಪಕ್ಷ ಕೊಡಬ್ಯಾಡ್ರಿ," ಎಂದೆ.

ವೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಲ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ವಾ ಮೇಡಂ?"

"ಇಲ್ರಿ."

"ಯಾರೂ ಎದ್ದು ಹೋಗಲಿಲ್ಲ?"

"ಇಲ್ಲ."

"ಆಮೇಲೆ ಆ ಮನೆಯೋರು ತಕರಾರು ಮಾಡಿದ್ರಾ?"

"ಇಲ್ಲ. ಅವರ ಕಾಲಿಗೆ ಬಿದ್ರು."

ಅವರು ತಲೆದೂಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅಸಹ್ಯವೂ ಇರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ಸಾಮಾನು ಸಿಕ್ಕವರ ಸಮಾಧಾನವಿತ್ತು. "ನಿಮ್ಮ ವಕೀಲರು ಒಳ್ಳೆಯವರು," ಎಂದರು. "ಅತ್ತಿವೇರಿ ಹತ್ತಿರ ಅವರೊಂದು ಸಭೆ ಮಾಡಿದ್ರಂತೆ. ನಾಲ್ಕು ಹನಿ ಮಳೆ ಬಿತ್ತು ಅಂತ, ಎಲ್ಲಾ ಮನೆಗೆ ಹೋಗಿ, ಮಕ್ಕಳು ನೆನೀತಾವೆ ಅಂತ ಮೈಕಲ್ಲಿ ಅವರೇ ಹೇಳಿದ್ರಂತೆ. ವೇದಿಕೆ ಮೇಲಿದ್ದ ನಮ್ಮ ನಾಯಕರು ಖಾಲಿ ಕುರ್ಚಿಗೆ ಭಾಷಣ ಮಾಡಿದ್ರು." ಕನ್ನಡಕ ಹಾಕಿಕೊಂಡರು. "ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಆಯ್ತು ಮೇಡಂ."

ವಾರದೊಳಗೆ ಆತ ಅಧ್ಯಕ್ಷನಾದ. ಹಳಿಯಾಳದ ಕಚೇರಿಗೆ ನನ್ನನ್ನು ಕರೆಸಿ, ಬೇರೆಯವರನ್ನೆಲ್ಲ ಹೊರಗೆ ಕಳಿಸಿ, ತಾನೇ ಚಹಾ ಬಗ್ಗಿಸಿಕೊಟ್ಟ.

"ನೀವು ಒಳಗ ಏನ್ ಹೇಳಿದ್ರಿ ಅಂತ ನನಗ ಗೊತ್ತೈತಿ. ಸಿಟ್ಟಿಲ್ಲ ನನಗ. ಬಾಕಿ ಮಂದಿ ನನ್ನ ಹೊಗಳಿದ್ರು. ಹೊಗಳಿದ್ದು ಯಾರೂ ನಂಬೂದಿಲ್ಲ. ನೀವು ಬೈದ್ರಲ್ಲ, ಅದು ಕೆಲಸಾ ಮಾಡ್ತು." ನನ್ನನ್ನು ಜಿಲ್ಲಾ ಕಾರ್ಯದರ್ಶಿ ಮಾಡುತ್ತೇನೆಂದ. ನಾನು ಚಹಾ ಮುಟ್ಟದೆ ಎದ್ದು ಬಂದೆ. ರಾಜೀನಾಮೆ ಕಳಿಸಿದೆ. ಅದನ್ನು ಯಾರೂ ಓದಿದಂತೆ ಕಾಣಲಿಲ್ಲ. ಆಮಂತ್ರಣ ಪತ್ರಿಕೆಗಳಲ್ಲಿ ನನ್ನ ಹೆಸರು ಅಚ್ಚಾಗುತ್ತಲೇ ಇತ್ತು.

ಮುಂದಿನ ಚಳಿಗಾಲದಲ್ಲಿ ಆ ಹಳ್ಳಿಗೆ ಒಬ್ಬಳೇ ಹೋದೆ. ಯಾಕೆ ಹೋದೆನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಸೇತುವೆ ಆಗಿತ್ತು, ಆದರೆ ಕೆಳಗೆ ರೆಸಾರ್ಟಿನ ಹತ್ತಿರ. ಊರವರು ಸುತ್ತು ಹಾಕಿ ಅಲ್ಲಿಗೆ ನಡೆದುಹೋಗುತ್ತಿದ್ದರು. ಸೊಸೆ ಅಂಗಳದಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟಳು. ಅತ್ತೆಯ ಮಾತು ಅವಳೇ ತೆಗೆದಳು.

"ಸಮಾಧಾನ ಐತಿ ಬಾಯಿ. ಮಾಂಯಗೆ ಸಾಂಕವದ ಸುದ್ದಿ ಕಿವಿಗೆ ಬಿದ್ದೈತಿ." ಅತ್ತೆಯನ್ನು ಅವಳು ಮಾಂಯ ಎನ್ನುತ್ತಿದ್ದಳು.

"ಹೆಂಗ?"

"ಭಾಷಣದಾಗ ಅವರು ಸಾಂಕವ ಕಟ್ತೇವಿ ಅಂದ್ರಲ್ಲ, ಆವಾಗ ನನ್ನ ಕೈ ಒತ್ತಿದಳು. ಗಟ್ಟಿ ಒತ್ತಿದಳು. ತುಟಿ ಹತ್ರ ಕಿವಿ ಕೊಟ್ಟೆ, ನೀರು ಅಂದಂಗಾತು. ನೀರು ಎಲ್ಲಿತ್ತು ಅಲ್ಲಿ? ಸಾಹೇಬರು ಎಬ್ಬಿಸಬ್ಯಾಡ ಅಂದಿದ್ರು. ಮಲಕೋ ಮಾಂಯ, ಈಗ ಮುಗೀತೈತಿ ಅಂದೆ. ಮತ್ತ ಒತ್ತಲಿಲ್ಲ." ಅವಳ ಮುಖದಲ್ಲಿ ನಿಜಕ್ಕೂ ಸಮಾಧಾನವಿತ್ತು. "ಪಾಪ, ಅವರೂ ಎಷ್ಟ್ ಓಡಿದ್ರು. ಗಾಡ್ಯಾಗ ಅವರ ತೊಡಿ ಮ್ಯಾಲೆ ಹೋದಳು. ಸ್ವಂತ ಮಗಗೂ ಅದು ಸಿಗಲಿಲ್ಲ."

ನಾನು ಬೆಲ್ಲ ನೀರು ಪೂರ್ತಿ ಕುಡಿದೆ. ಅವಳಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಅತ್ತೆಯನ್ನು ಮಲಗಿಸಿದ ಕೈ ಅವಳದೇ ಆಗಿಬಿಡುತ್ತಿತ್ತು.

ಹಳಿಯಾಳದ ಬಸ್ಸು ಹಿಡಿದು ನೇರ ಆತನ ಕಚೇರಿಗೆ ಹೋದೆ. ನಿಂತುಕೊಂಡೇ ಹೇಳಿದೆ: "ಆಕಿಗೆ ಜೀವ ಇತ್ತು. ನೀರು ಕೇಳ್ಯಾಳ."

ಆತ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ. ಮುಖದ ಮೇಲೆ ಏನೋ ಹಾದುಹೋಯಿತು. ಅದು ನೋವೇ ಇರಬಹುದೆಂದು ನಾನು ಕಾದೆ.

"ಯಾರು ಹೇಳಿದ್ರು?"

"ಸೊಸಿ."

"ಆಕಿ ಮತ್ತ ಯಾರ ಮುಂದರ ಹೇಳ್ಯಾಳೇನು?"

"ಆಕಿಗೆ ಅದರ ಅರ್ಥಾನ ಆಗಿಲ್ಲ. ನಿಮ್ಮನ್ನ ದೇವರು ಅಂತಾಳ."

ಆತ ಪೆನ್ನು ಮತ್ತೆ ಕೈಗೆತ್ತಿಕೊಂಡ. "ಛಲೋ ಹೆಣ್ಮಗಳು," ಎಂದ. "ಮಾತಾಡಾಕ ಬರ್ತೈತಿ ಅಂದಂಗಾತು. ಪಂಚಾಯ್ತಿಗೆ ನಿಲ್ಲಿಸೂಣು."

ನಿಲ್ಲಿಸಿದ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾರ ಕಡೆಯವರೆಂದು ಎಲ್ಲರಿಗೂ ಗೊತ್ತಿರುತ್ತದೆ. ಅವಳು ಗೆದ್ದಳು. ಅವನ ಕಾಲದಲ್ಲಿ ಪಕ್ಷ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆ ಹಿಂದೆಂದೂ ಗೆಲ್ಲದ ಊರುಗಳಲ್ಲಿ ಗೆದ್ದಿತು. ಮುಂಡಗೋಡದ ವಕೀಲರು ಪಕ್ಷ ಬಿಟ್ಟು ತಮ್ಮ ಕೋರ್ಟು ಕೆಲಸ ನೋಡಿಕೊಂಡರು. ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ.

ಹೋದ ವರ್ಷ ದಾಂಡೇಲಿಯಲ್ಲಿ ಮಹಿಳಾ ಸಮಾವೇಶ ನಡೆಯಿತು. ನಮ್ಮ ಓಣಿಯವರೆಲ್ಲ ಹೊರಟರು, ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸೊಸೆ ಮೈಕಿನ ಮುಂದೆ ನಿಂತಿದ್ದಳು. ಈಗ ಅವಳ ಕನ್ನಡ ಸರಾಗವಾಗಿತ್ತು. ತನ್ನ ಅತ್ತೆ ಅಧ್ಯಕ್ಷರ ಮಡಿಲಲ್ಲಿ ಕಣ್ಣು ಮುಚ್ಚಿದ್ದನ್ನು ಹೇಳಿದಳು. ಕೆನ್ನೆ ಸವರಿದ್ದನ್ನೂ ಹೇಳಿದಳು, ತಾನೇ ಕಂಡವಳಂತೆ. ವೇದಿಕೆಯ ಮೇಲೆ ಆತ ತಲೆ ತಗ್ಗಿಸಿ ಕೂತಿದ್ದ. ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಹೆಂಗಸರು ಬಿಕ್ಕುತ್ತಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದಾಕೆ ಗಿರಣಿ ಕಾರ್ಮಿಕನೊಬ್ಬನ ಹೆಂಡತಿ, ನನ್ನಲ್ಲೇ ಹೊಲಿಗೆ ಕಲಿತವಳು. ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಇಂಥವರು ಎಲ್ಲಿ ಸಿಗ್ತಾರ್ರೀ ಅಕ್ಕಾರ?"

"ಸಿಗೂದಿಲ್ಲವ್ವಾ," ಎಂದೆ.