ಭಾನುವಾರ ಕಡಿಯದ ಕೊಂಬೆ

ಇಲಿ ಎಂದರೆ ತೇಪಾಯೆರುವಿಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತು ವರ್ಷದಿಂದ ಪೆಸಿಫಿಕ್ ಸಾಗರದ ರಾರೋಟೊಂಗಾ ದ್ವೀಪದ ಅವಾನಾ ಕಣಿವೆಯಲ್ಲಿ ವಾರವಾರ ಇಲಿ ಪಾಷಾಣ ಇಡುವವಳು ಅವಳೇ. ಪೊದೆಯಲ್ಲಿ ಸತ್ತು ಊದಿಕೊಂಡವನ್ನು ಬಾಲ ಹಿಡಿದು ಎತ್ತಿ ಹೂಳುವವಳೂ ಅವಳೇ. ಥೂ, ಆ ನಾತವೋ! ಎಷ್ಟು ಸೋಪು ತಿಕ್ಕಿದರೂ ತುತ್ತು ಬಾಯಿಗಿಡುವಾಗ ಅದೇ ವಾಸನೆ. ಆದರೂ ಬಿಡಲಿಲ್ಲ. ಹುಳಹುಪ್ಪಟೆ ತಿಂದು ಬದುಕುವ, ಗುಬ್ಬಿ ಗಾತ್ರದ ಕಾಕೆರೊರಿ ಹಕ್ಕಿ ಆಗ ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದರ ಗೂಡು ಬರಿದು ಮಾಡುತ್ತಿದ್ದುದು ಇಲಿಯೇ. ಗೂಡಿದ್ದ ಮರದ ಬೊಡ್ಡೆಗೆ ಇಲಿ ಹತ್ತದಂತೆ ತಗಡು ಸುತ್ತುವುದು, ಅಕ್ಕಪಕ್ಕದ ಕೊಂಬೆ ತಾಗದಂತೆ ಕಡಿಯುವುದು, ಇದರಲ್ಲೇ ಅವಳ ದಿನ ಕಳೆಯುತ್ತಿತ್ತು.

ಆ ವರ್ಷ ಹೊಳೆದಂಡೆಯ ಹಕ್ಕಿಜೋಡಿ ಎರಡು ಸಲ ಮೊಟ್ಟೆ ಕಳೆದುಕೊಂಡು, ಮೂರನೆಯ ಸಲ ಒಂದೇ ಒಂದು ಮರಿ ಮಾಡಿತ್ತು. ಶನಿವಾರ ಸಂಜೆ ಜೋರು ಗಾಳಿ. ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತಾಳೆ, ಪಕ್ಕದ ಮರದ ಕೊಂಬೆ ಮುರಿದು ಗೂಡಿನ ಮರಕ್ಕೆ ಒರಗಿದೆ. ಇಲಿಗೆ ರಾಜಮಾರ್ಗ! ಮನೆಗೆ ಓಡಿ ಗರಗಸ ತೆಗೆದಳು. ಅಂಗಳದಲ್ಲಿ ಅಣ್ಣ ತಿಮೋತಿ, ಚರ್ಚಿನ ಹಿರಿಯ, ಅವಳನ್ನು ಪ್ರಾರ್ಥನೆಗೆ ಕರೆದೊಯ್ಯಲು ಬಿಳಿ ಅಂಗಿ ತೊಟ್ಟು ಬಂದು ನಿಂತಿದ್ದ.

"ಕೆಲಸ ಮುಟ್ಟಬಾರದ ಭಾನುವಾರ ಗರಗಸ ಹಿಡೀತೀಯೇನೆ? ಊರೋರು ನನ್ನ ಮುಖಕ್ಕೆ ಉಗೀತಾರೆ!"

"ಮರಿ ಇದೆ ಅಣ್ಣಾ. ಒಂದೇ ಒಂದು ಕೊಂಬೆ."

"ಹುಟ್ಟಿಸಿದ ದೇವ್ರಿಗೆ ಕಾಯೋಕೆ ಗೊತ್ತಿಲ್ವಾ? ಇಡು ಕೆಳಗೆ. ಟೊಪ್ಪಿ ಹಾಕ್ಕೊ, ಗಂಟೆ ಹೊಡೀತಿದೆ."

ಐವತ್ತು ವರ್ಷ ಭಾನುವಾರ ಒಂದು ಕಡ್ಡಿಯನ್ನೂ ಮುರಿಯದ ಹೆಂಗಸು. ಇಟ್ಟುಬಿಟ್ಟಳು. ಹೋಗಿ ಎಲ್ಲರ ಜೊತೆ ಕೀರ್ತನೆ ಹಾಡಿದಳು.

ಸೋಮವಾರ ಏಣಿ ಹತ್ತಿ ನೋಡಿದರೆ ಗೂಡಿನಲ್ಲಿ ಎರಡು ಕಾಲು, ಒಂದಿಷ್ಟು ಪುಕ್ಕ, ಅದರ ಮೇಲೆ ಇಲಿಯ ಹಿಕ್ಕೆ. ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ನೇರ ಅಣ್ಣನ ಮನೆಗೆ ಬಂದಳು. ತಿಮೋತಿ ಹಂದಿಯ ಮೈ ತೊಳೆಯುತ್ತಿದ್ದ.

"ನಿನ್ನೆ ಮಧ್ಯಾಹ್ನ ಹಂದಿ ಕೆಸುವಿನ ಗದ್ದೇಲಿ ಹೂತ್ಕೊಂಡ್ಬಿಟ್ಟಿತ್ತು ಕಣೆ," ಎಂದಳು ಅತ್ತಿಗೆ. "ನಿಮ್ಮಣ್ಣ ಮೂರು ಗಂಟೆ ಅಗೆದು ಎಳೆದ್ರು."

"ಭಾನುವಾರಾನಾ?"

"ಗುಂಡಿಗೆ ಬಿದ್ದ ಪ್ರಾಣೀನ ಎತ್ತಬಹುದು ಅಂತ ಬೈಬಲ್ಲಲ್ಲೇ ಇದೆ," ಎಂದ ತಿಮೋತಿ, ಒಂದಿಷ್ಟೂ ನಾಚದೆ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ!

ಕೈಯಲ್ಲಿದ್ದುದನ್ನು ಅವನ ಅಂಗೈಗೆ ಸುರಿದಳು. ಅವನು ಛೀ ಎಂದು ಕೊಡವಿ ಚಡ್ಡಿಗೆ ಕೈ ಒರೆಸಿಕೊಂಡ.

"ನಿನ್ನ ನೋಡಿದ್ರೆ ಅಸಹ್ಯ ಆಗ್ತದೆ ಅಣ್ಣಾ," ಎಂದಳು. "ನನ್ನ ಮೇಲೆ ಅದಕ್ಕಿಂತ ಜಾಸ್ತಿ. ನೀನು ಬರೀ ಬೇಡ ಅಂದೆ. ಗರಗಸ ಕೆಳಗಿಟ್ಟೋಳು ನಾನು."