ಅರ್ಧ ಇಂಚಿನ ಸುಳ್ಳು

ನನ್ನ ದೊಡ್ಡಪ್ಪ ದರ್ಜಿ. ಬೀದಿಯವರೆಲ್ಲ ಅವರನ್ನು ಕರೆಯುವುದು ‘ಅರ್ಧ ಇಂಚು’ ಎಂದು. ಪ್ಯಾಂಟು ಹೊಟ್ಟೆಗೆ ಹಿಡಿಯುತ್ತಿಲ್ಲ ಎಂದು ಯಾರೇ ಗೋಳಾಡುತ್ತ ಬರಲಿ, ಟೇಪು ಹಿಡಿದು ಗಂಭೀರವಾಗಿ ನೋಡಿ, “ಬಟ್ಟೆ ಕುಗ್ಗಿದೆ ಸ್ವಾಮಿ, ನೀವು ಹಾಗೇ ಇದ್ದೀರಿ. ಅರ್ಧ ಇಂಚು ಬಿಟ್ರೆ ಸಾಕು” ಎನ್ನುತ್ತಿದ್ದರು. ಆಮೇಲೆ ಹಿಂಭಾಗದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯಿಂದ ಗುಟ್ಟಾಗಿ ಮೂರಿಂಚು ಬಿಡುತ್ತಿದ್ದರು. ಗಿರಾಕಿ ಕನ್ನಡಿ ಮುಂದೆ ನಿಂತು ಬೀಗುತ್ತಿದ್ದ. ಅಂಗಡಿಯಲ್ಲಿ ಗುಂಡಿ ಹಚ್ಚುವುದು ನನ್ನ ಪಾಲು, ನಗು ನುಂಗುವುದೂ ನನ್ನದೇ ಪಾಲು.

ಹೀಗಿರುವಾಗ ದೊಡ್ಡಪ್ಪನ ಹೊಟ್ಟೆಯೇ ಉಬ್ಬತೊಡಗಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕುಂಬಳಕಾಯಿ. ದೊಡ್ಡಮ್ಮ ಬಿಡುವ ಪೈಕಿಯಲ್ಲ. ಆಸ್ಪತ್ರೆಗೆ ಎಳೆದುಕೊಂಡೇ ಹೋದರು, ಹಿಂದೆ ನಾನು.

“ನಾನು ಒಂದು ತೊಟ್ಟೂ ಕುಡಿದವನಲ್ಲ!” ಎಂದು ದೊಡ್ಡಪ್ಪ ಬಾಗಿಲಲ್ಲೇ ಘೋಷಿಸಿದರು.

“ಕುಡೀದೇ ಇರೋರಿಗೂ ಬರುತ್ತೆ. ಸಕ್ಕರೆ ಕಾಯಿಲೆ, ಕೊಬ್ಬು ಸೇರಿ ಲಿವರ್ ಗಟ್ಟಿಯಾಗಿದೆ” ಎಂದರು ಡಾಕ್ಟರಮ್ಮ. “ಕರುಳಿನ ಕಡೆಯಿಂದ ಬರೋ ರಕ್ತಕ್ಕೆ ಅದರೊಳಗೆ ದಾರಿ ಸಿಗ್ತಿಲ್ಲ, ಒತ್ತಡ ಏರಿದೆ. ಅದರಿಂದ ಹೊಟ್ಟೆಯ ರಕ್ತನಾಳಗಳು ಸಡಿಲಾಗಿ, ರಕ್ತ ಅಲ್ಲೇ ತುಂಬ್ಕೊಳ್ಳುತ್ತೆ. ಕಿಡ್ನಿ ಪಾಪ, ಮೈಯಲ್ಲಿ ರಕ್ತ ಸಾಲ್ತಿಲ್ಲ ಅಂದ್ಕೊಂಡು ಉಪ್ಪು, ನೀರು ಹಿಡಿದಿಟ್ಕೊಳ್ಳುತ್ತೆ. ಆ ನೀರು ಹೊಟ್ಟೆಗೆ ಸೋರುತ್ತೆ. ಹೀಗೇ ಬಿಟ್ರೆ ಕಿಡ್ನಿಗೆ ಹೋಗೋ ರಕ್ತನಾಳಗಳು ಬಿಗಿದು, ಅದು ಕೆಲಸಾನೇ ನಿಲ್ಲಿಸಿಬಿಡುತ್ತೆ.”

“ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ! ಇದನ್ನ ಹೊಲಿದ ದರ್ಜಿ ಯಾರು ತಾಯಿ?”

ಡಾಕ್ಟರಮ್ಮ ನಗಲಿಲ್ಲ. ಉಪ್ಪು ಕಡಿಮೆ ಮಾಡಬೇಕು. ಮಿಷನ್ನಿಗೆ ಬಾಗಿ ಬಾಗಿ ಬಂದ ಬೆನ್ನುನೋವಿಗೆ ದೊಡ್ಡಪ್ಪ ನುಂಗುತ್ತಿದ್ದ ಮಾತ್ರೆ ಮುಟ್ಟಲೇಬಾರದು, ಅದು ಕಿಡ್ನಿಗೆ ಸಿಗುವ ಅಲ್ಪಸ್ವಲ್ಪ ರಕ್ತಕ್ಕೂ ಕಲ್ಲು ಹಾಕುತ್ತದೆ. ದಿನಾ ಬೆಳಿಗ್ಗೆ ಹೊಟ್ಟೆಯ ಸುತ್ತಳತೆ ತೆಗೆದು ಫೋನಿನಲ್ಲಿ ತಿಳಿಸಬೇಕು ಎಂದರು.

ಅಳತೆಯನ್ನು ದೊಡ್ಡಪ್ಪನ ಕೈಗೇ ಒಪ್ಪಿಸಿದ್ದು ನಮ್ಮ ಬುದ್ಧಿವಂತಿಕೆ. ದಿನಾ ಟೇಪು ಸುತ್ತಿ, ಫೋನು ಹಿಡಿದು, “ಅರ್ಧ ಇಂಚು ಇಳಿದಿದೆ ತಾಯಿ” ಎಂದು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ನಮಗೆಲ್ಲ ಹಿಗ್ಗೋ ಹಿಗ್ಗು.

ಒಂದು ಮಧ್ಯಾಹ್ನ ಅವರು ಊಟ ಮಾಡಿ ಮಲಗಿದ್ದಾಗ, ಒಗೆಯಲು ಹೊರಟಿದ್ದ ದೊಡ್ಡಮ್ಮ ಅವರ ಪ್ಯಾಂಟನ್ನು ನನ್ನ ಮುಂದೆ ಎಸೆದರು. ಹಿಂಭಾಗದಲ್ಲಿ ಬಿಚ್ಚಿದ ಹೊಲಿಗೆಯ ತೂತುಗಳು ಸಾಲುಸಾಲಾಗಿದ್ದವು. ಬಿಡಲು ಒಳಗೆ ಇನ್ನು ನೂಲಿನಷ್ಟೂ ಬಟ್ಟೆ ಇರಲಿಲ್ಲ. ಜೇಬಿನಲ್ಲಿ ಬೆನ್ನುನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ಪು. ನನಗೆ ಮೈಯೆಲ್ಲ ಉರಿದುಹೋಯಿತು.

“ಎಬ್ಬಿಸಿ ಕೇಳೋಣ, ದೊಡ್ಡಮ್ಮ.”

“ಕೇಳಿದ್ರೆ ಇನ್ನೊಂದು ಅರ್ಧ ಇಂಚು ಹೇಳ್ತಾರೆ. ಅವರು ಹೆಂಡತಿ ಮಾತು ನಂಬಲ್ಲ ಕಣೇ, ಪ್ಯಾಂಟು ನಂಬ್ತಾರೆ.” ಹೀಗೆಂದವರೇ ಮಿಷನ್ನಿನ ಮುಂದೆ ಕೂತು ಅದನ್ನು ಎರಡಿಂಚು ಒಳಗೆ ಹಿಡಿದು ಹೊಲಿದರು. ಹೊಲಿಗೆ ಸೊಟ್ಟಗಿತ್ತು. ಒಗೆಯದೇ ಅದನ್ನು ಮತ್ತೆ ಗೂಟಕ್ಕೆ ನೇತುಹಾಕಿದರು.

ಎದ್ದ ದೊಡ್ಡಪ್ಪ ಪ್ಯಾಂಟು ಏರಿಸಿದರು, ಉಸಿರು ಬಿಗಿಹಿಡಿದರು, ಗುಂಡಿ ಎಳೆದರು. ಊಹೂಂ. “ಬಟ್ಟೆ ಕು...” ಎಂದವರು ಅಲ್ಲಿಗೇ ನಿಲ್ಲಿಸಿದರು. ಮುಖ ಬಿಳಿಚಿಕೊಂಡಿತು. “ಲೇ, ನಿನ್ನೆಯಿಂದ ಮೂತ್ರಾನೂ ಸರಿಯಾಗಿ ಹೋಗ್ತಿಲ್ಲ. ನಡಿ, ಆಸ್ಪತ್ರೆಗೆ ಹೋಗೋಣ.” ಪಂಚೆ ಸುತ್ತಿಕೊಂಡು ನಮಗಿಂತ ಮುಂದೆ ಹೊರಟರು.

ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಬೈದ ಬೈಗುಳ ಹೊರಗಿನ ಬೆಂಚಿನವರೆಗೂ ಕೇಳಿಸಿತು. ಕಿಡ್ನಿ ಕೈಕೊಡುವುದರಲ್ಲಿತ್ತು. ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದರು, ನರಕ್ಕೆ ಔಷಧಿ ಹರಿಸಿದರು. ಮೂತ್ರ ಸರಿಯಾಗಿ ಹೋಗತೊಡಗಿದ ದಿನ ದೊಡ್ಡಮ್ಮ ವಾರ್ಡಿನಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ಲಿವರ್ ಮೆತ್ತಗಾಗಲಿಲ್ಲ, ಆಗುವುದೂ ಇಲ್ಲವಂತೆ. ಕಿಡ್ನಿ ಮಾತ್ರ ಉಳಿಯಿತು.

ಮನೆಗೆ ಬಂದ ಮರುದಿನ ದೊಡ್ಡಪ್ಪ ಆ ಪ್ಯಾಂಟನ್ನು ತಿರುಗಿಸಿ ನೋಡಿದರು. ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದರು. ನಾನು ಗುಂಡಿಯ ಡಬ್ಬಿಯಲ್ಲಿ ಮುಖ ಹುದುಗಿಸಿದೆ.

“ಇಷ್ಟು ಕೆಟ್ಟದಾಗಿ ಹೊಲಿಯೋರು ಈ ಬೀದೀಲಿ ಒಬ್ಬಳೇ” ಎಂದರು.

ದೊಡ್ಡಮ್ಮ ಪ್ಯಾಂಟನ್ನು ಕಿತ್ತುಕೊಂಡು ಮಡಚತೊಡಗಿದರು.

ಆಗ ಫೋನು ಬಂತು, ಡಾಕ್ಟರಮ್ಮನದು. ದೊಡ್ಡಪ್ಪ ಕೊರಳಿನಿಂದ ಟೇಪು ತೆಗೆದು ದೊಡ್ಡಮ್ಮನ ಕೈಗಿಟ್ಟು, ಅಂಗಿ ಎತ್ತಿ ನಿಂತರು.

“ನೀನೇ ಅಳೆದು ಹೇಳು. ನನ್ನ ಕೈಗೆ ಸುಳ್ಳು ಅಭ್ಯಾಸ ಆಗಿಹೋಗಿದೆ.”