ಸೊಪ್ಪಿನ ದಾರ ಸುತ್ತಿದ ಕೀಲು

ಫೆಬ್ರುವರಿಯ ಎರಡನೇ ಭಾನುವಾರ, ಬೆಳಿಗ್ಗೆ ಆರೂವರೆ. ಹಾರನಹಳ್ಳಿಯ ನಮ್ಮ ಮನೆಯ ಮುಂದಿನ ಕಣ. ಹಾಜರಿದ್ದವರು ಮೂವರು: ನಾನು, ಹೆಂಡತಿ, ಆಕೆಯ ತಮ್ಮ. ಅವನಿಗೆ ಟ್ರ್ಯಾಕ್ಟರ್ ರಿಪೇರಿ ಗೊತ್ತು, ಅದಕ್ಕೇ ಕರೆಸಿದ್ದೆ.

ಕಾರಿನ ಎಡ ಮುಂದಿನ ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ಕೀಲು ಸವೆದಿತ್ತು. ಶುಕ್ರವಾರ ಮೈಸೂರಿನಿಂದ ಬರುವಾಗ ಹುಣಸೂರಿನ ತಿರುವಿನಲ್ಲಿ ಕಟಕಟ ಸದ್ದು ಬಂತು. ಮೊದಲು ಕೇಳಿಸಿಕೊಂಡವಳು ಹೆಂಡತಿ. ಆಕೆಗೆ ಎದೆಯ ಗಂಟಿನ ಆಪರೇಷನ್ ಆಗಿ, ಈಗ ಮೈಸೂರಿನಲ್ಲಿ ರೇಡಿಯೇಷನ್, ನಮ್ಮ ಕಡೆಯ ಮಾತಿನಲ್ಲಿ ಕರೆಂಟು, ಕೊಡುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹೋಗಬೇಕು. ಒಟ್ಟು ಇಪ್ಪತ್ತೈದು ದಿನ, ನಡುವೆ ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹದಿನಾರು ಮುಗಿದಿದ್ದವು. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದಾದರೂ ಮೊಣಕೈ ಆ ಜಾಗಕ್ಕೆ ತಗುಲಿದರೆ ಆಕೆ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಊರಿನ ಬಾಡಿಗೆ ಕಾರು ಮದುವೆಯವರ ಜೊತೆ ಹೋಗಿತ್ತು. ಶನಿವಾರ ನಾನೇ ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಹೊಸ ಕೀಲು, ಮಣ್ಣು ಹೋಗದಂತೆ ಅದನ್ನು ಮುಚ್ಚುವ ರಬ್ಬರ್ ಬೂಟು, ಗ್ರೀಸು, ನಟ್ಟು ತಂದೆ. ಮೆಕ್ಯಾನಿಕ್ಕು ಸೋಮವಾರ ಮಧ್ಯಾಹ್ನ ತನ್ನಿ ಎಂದ. ಸೋಮವಾರ ಬೆಳಗಿನ ಐದಕ್ಕೆ ನಾವು ಹೊರಡಬೇಕಿತ್ತು.

ಬೀಚನಹಳ್ಳಿ ಅಣೆಕಟ್ಟೆಯ ಗೇಟುಗಳ ಕೆಲಸದಲ್ಲಿ ನಾನು ನಿವೃತ್ತಿಯವರೆಗೂ ಇದ್ದೆ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಇಡುವುದನ್ನು ಅಲ್ಲಿ ಕಲಿತೆ. ಗೋಣಿಚೀಲ ಹಾಸಿ ಹಾಗೆಯೇ ಜೋಡಿಸುತ್ತ ಹೋದೆ.

“ಏನ್ ಭಾವ, ಅಂಗಡಿ ಇಕ್ತಿದ್ದೀರಾ? ಒಂದೊಂದ್ ಬೋಲ್ಟೂ ಒರೆಸ್ತಾ ಕೂತ್ರೆ ಸಂಜೆ ಆಯ್ತದೆ,” ಎಂದ ಭಾಮೈದ.

“ನಿನ್ ಟ್ರ್ಯಾಕ್ಟರ್ ಬಿಚ್ಚಿದಾಗ ಕೊನೇಲಿ ಮೂರು ಬೋಲ್ಟು ಮಿಕ್ಕಿದ್ವಲ್ಲ, ಅಂಗಾಗಬಾರ್ದು ಅಂತ.”

“ಮಿಕ್ಕಿದ್ರೇನು, ಇವತ್ಗೂ ಉಳ್ತಾನೇ ಅದೆ ಬುಡಿ.”

ಚಕ್ರದ ನಡುವಿನ ದೊಡ್ಡ ನಟ್ಟು ಜಗ್ಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಪಂಪ್‌ಸೆಟ್ಟಿನ ಹಳೆಯ ಪೈಪು ತೂರಿಸಿ ಇಬ್ಬರೂ ಮೈಭಾರ ಹಾಕಿದೆವು. ಮೂರನೇ ಸಲಕ್ಕೆ ಸಡಿಲವಾಯಿತು. ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ಚಕ್ರ ತೆಗೆದೆ. ಒಳಗಿನ ಎರಡು ಬೋಲ್ಟುಗಳನ್ನು ಬಿಚ್ಚುವ ಮೊದಲು ಅವುಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದೆ.

ಹೆಂಡತಿ ಜಗಲಿಯ ಕುರ್ಚಿಯಿಂದಲೇ ಕೇಳಿದಳು: “ಅದ್ಯಾಕ್ರೀ ಬಣ್ಣ?”

“ಆಮೇಲೆ ಇದೇ ಜಾಗಕ್ಕೆ ಕೂರ್ಬೇಕು. ಒಂಚೂರು ಆಚೀಚೆ ಆದ್ರೆ ಚಕ್ರ ವಾಲ್ತದೆ.”

ಆಕೆಯ ಕತ್ತಿನ ಕೆಳಗೆ, ಸೆರಗಿನ ಅಂಚಿನಲ್ಲಿ, ಕರೆಂಟು ಬೀಳಬೇಕಾದ ಜಾಗಕ್ಕೆ ಗುರುತಾಗಿ ಆಸ್ಪತ್ರೆಯವರು ಎಳೆದ ನೇರಳೆ ಗೆರೆ ಕಾಣುತ್ತಿತ್ತು. ಅದು ಅಳಿಸದಂತೆ ಒಂದು ತಿಂಗಳಿಂದ ಆಕೆ ಎಚ್ಚರದಿಂದ ಸ್ನಾನ ಮಾಡುತ್ತಿದ್ದಳು.

“ಅಂಗಾರೆ ಅದಕ್ಕೂ ಸೋಪು ಹಾಕ್‌ಬ್ಯಾಡಿ ಕಣ್ರೀ,” ಎಂದಳು.

ಅವಳ ತಮ್ಮ ಕೈಯಲ್ಲೇ ಇದ್ದ ಸ್ಪ್ಯಾನರನ್ನು ಚೀಲದ ಮೇಲೆಲ್ಲ ಹುಡುಕಿದ.

ಹತ್ತು ಗಂಟೆಗೆ ಆಕ್ಸಲ್ ಹೊರಗೆ ಬಂತು. ಕೀಲಿನ ಹರಿದ ಬೂಟಿನ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ, ಅದರ ಮೇಲೆ ಹೊಗೆಸೊಪ್ಪು ಕಟ್ಟುವ ದಾರ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಒಲೆಮನೆಯಲ್ಲಿ ಬೇಯಿಸುವ ನಮ್ಮಂಥ ಮನೆಗಳಲ್ಲಿ ಹರಿದದ್ದಕ್ಕೆಲ್ಲ ಆ ದಾರವೇ. ಚೀಲಕ್ಕೂ ಅದೇ, ಚಪ್ಪಲಿಗೂ ಅದೇ.

“ಯಾವ್ ಡಾಕ್ಟ್ರು ಭಾವ ಈ ಬ್ಯಾಂಡೇಜು ಕಟ್ಟಿದ್ದು?”

“ನಾನೇ. ಡಿಸೆಂಬರಲ್ಲಿ. ಸರ್ವಿಸು ಏಪ್ರಿಲ್ ಒಂದಕ್ಕೆ ಅಂತ ನನ್ ಲೆಕ್ಕದ ಪುಸ್ತಕದಲ್ಲಿ ಬರ್ದಿದ್ದೆ, ಅಲ್ಲೀವರೆಗೂ ತಡೀಲಿ ಅಂತ.”

ದಾರ ಕೊಯ್ದೆ. ಒಳಗಿನ ಗ್ರೀಸು ಮಣ್ಣು ಕುಡಿದು, ಉಗುರಿಗೆ ಮರಳು ಸಿಗುತ್ತಿತ್ತು. ಕೀಲಿನ ಗುಂಡುಗಳ ಮೈಯೆಲ್ಲ ಕಚ್ಚಿದ ಹಾಗೆ ಕುಳಿ ಬಿದ್ದಿತ್ತು.

“ಹರಿದಾಗ್ಲೇ ಬರೀ ಬೂಟು ಬದ್ಲಾಯಿಸಿದ್ರೆ ಕೀಲು ಉಳ್ಕತಿತ್ತು. ಎಂಟು ವಾರ ಮಣ್ಣು ತಿನ್ನಿಸಿದ್ದೀರಿ,” ಎಂದು ಅವನು ನಕ್ಕ.

ಎಂಟು ವಾರ. ಆಗಸ್ಟಿನ ಒಂದು ಸಂಜೆ ಬ್ಯಾರನ್ನಿನ ಒಲೆಯ ಮುಂದೆ ಹೆಂಡತಿ, ಕಂಕುಳ ಹತ್ತಿರ ಗಂಟು ಸಿಗುತ್ತದೆ ಎಂದಿದ್ದಳು. ಬೇಯಿಸುವುದು ಮುಗಿಯಲಿ ಎಂದೆ. ನಮ್ಮ ತಾಲ್ಲೂಕಿನಲ್ಲಿ ಮದುವೆ ಮಾತು, ಹಲ್ಲು ಕೀಳಿಸುವುದು, ಎಲ್ಲವೂ ಸೊಪ್ಪು ಮುಗಿದ ಮೇಲೆಯೇ. ಅದೇ ಪುಸ್ತಕದಲ್ಲಿ ಆಸ್ಪತ್ರೆಗೆ ಎಂಟು ವಾರದಾಚೆಯ ದಿನ ಬರೆದುಕೊಂಡೆ, ಬರೆದ ದಿನಕ್ಕೆ ಸರಿಯಾಗಿ ಕರೆದುಕೊಂಡು ಹೋದೆ. ಯಾವಾಗಿನಿಂದ ಇದೆ ಎಂದು ಡಾಕ್ಟರು ಕೇಳಿದಾಗ ಆಕೆ, “ಈಗೊಂದ್ ವಾರ,” ಎಂದಳು. ನನ್ನ ಕಡೆ ನೋಡಲಿಲ್ಲ. ಆ ಮಾತನ್ನು ನಾನು ಅಲ್ಲಿ ತಿದ್ದಲಿಲ್ಲ, ಆಮೇಲೆ ಯಾರಿಗೂ ನಿಜ ಹೇಳಲೂ ಇಲ್ಲ.

“ನಿಮ್ಮಕ್ಕಂಗೂ ಎಂಟು ವಾರ ತಡ ಮಾಡ್ದೋನು ನಾನೇ ಕಣಪ್ಪ,” ಎಂದೆ. “ಡಾಕ್ಟ್ರಿಗೆ, ನಿಮ್ಗೆಲ್ಲ ಒಂದು ವಾರ ಅಂದಿದ್ದು ಸುಳ್ಳು. ಆಗಸ್ಟಲ್ಲೇ ನಂಗೆ ಹೇಳಿದ್ಲು.”

ಎತ್ತಿದ ಸುತ್ತಿಗೆಯನ್ನು ಅವನು ನಿಧಾನ ಕೆಳಗಿಟ್ಟ. ಅಕ್ಕನ ಮುಖ ನೋಡಿದ.

“ಹೌದಾ ಅಕ್ಕ?”

“ಹೌದು ಕಣ್ಲಾ. ಈಗ ಕೀಲು ಕೂರ್ಸಿ. ಬಿಸಿಲು ಏರ್ತಾ ಅದೆ,” ಎಂದಳು ಆಕೆ.

ಅದಾದ ಮೇಲೆ ಅವನು ಗೇಲಿ ಮಾಡಲಿಲ್ಲ. ಹೊಡೆದು ಹಳೆಯ ಕೀಲು ಬಿಡಿಸಿದ. ಆಕ್ಸಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದೆ. ಅವನು ಹೊಸ ಕೀಲು ಹಿಡಿದು ಬಂದಾಗ, ಮೊದಲು ಬೂಟು ಎಂದು ತಡೆದೆ. ಕೀಲು ಕೂತ ಮೇಲೆ ಆ ಬೂಟು ಏರುವುದಿಲ್ಲ. ಬೂಟು ಏರಿಸಿ, ಗ್ರೀಸು ತುಂಬಿ, ಕೀಲು ಬಡಿದು ಕೂರಿಸಿ, ಪಟ್ಟಿ ಬಿಗಿದೆವು. ಮಧ್ಯಾಹ್ನ ಮುದ್ದೆ ಉಂಡು ಮತ್ತೆ ಕೂತೆವು. ಬಿಳಿ ಗೆರೆಗೆ ಗೆರೆ ಕೂಡಿಸಿ ಬೋಲ್ಟು ತಿರುಗಿಸುವಾಗ ಅವನು ನನಗೆ ಟಾರ್ಚು ಹಿಡಿದಿದ್ದ. “ಇನ್ನೊಂದ್ ಕೂದಲೆಳೆ ಈಚೆಗೆ, ಭಾವ,” ಎಂದಷ್ಟೇ ಹೇಳಿದ.

ನಾಲ್ಕೂವರೆಗೆ ಚಕ್ರ ಹಾಕಿ ಕಾರು ಇಳಿಸಿದೆವು. ಹೆಂಡತಿ ಬಂದು ಪಕ್ಕದಲ್ಲಿ ಕೂತು ಕಿಟಕಿಯ ಗಾಜು ಇಳಿಸಿದಳು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಕಣದಲ್ಲಿ ಒಂದು ಸುತ್ತು ಹೊಡೆದೆ, ಆಮೇಲೆ ಬಲಕ್ಕೆ.

“ಇನ್ನೊಂದು ಸುತ್ತು,” ಎಂದಳು.

ಹೊಡೆದೆ. ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು.

“ಇಲ್ಲ. ಸದ್ದಿಲ್ಲ. ನಾಳೀಕೆ ಹೋಗ್ಬಹುದು.”

ಇಳಿದು ದೊಡ್ಡ ನಟ್ಟನ್ನು ಇನ್ನೊಮ್ಮೆ ಬಿಗಿದು ನೋಡಿದೆ. ಅದು ಸಡಿಲವಾಗದಂತೆ ಅಂಚನ್ನು ಉಳಿಯಿಂದ ತಟ್ಟಿ ಮಡಚಿ, ಚಕ್ರದ ಮುಚ್ಚಳ ಒತ್ತಿದೆ. ಆಗ ಐದು ಗಂಟೆ.